ಗ್ಲೌಸ್ ಒಳಗಿನ ಕೈ ಯಾರ ಲೆಕ್ಕಕ್ಕೆ?

ಬೆಳಿಗ್ಗೆ ಏಳರ ಹೊತ್ತಿಗೆ ಹರಿಹರದಿಂದ ದಾವಣಗೆರೆಗೆ ಹೊರಡುವ ಬಸ್ಸು ಹತ್ತಿ ನೋಡಿ. ಅರ್ಧ ಆಸ್ಪತ್ರೆಯೇ ಅದರಲ್ಲಿರುತ್ತದೆ. ಸ್ಟಾಫ್ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್ನರು, ಆಯಾಗಳು, ನರ್ಸಿಂಗ್ ಓದುತ್ತಿರುವ ಹುಡುಗಿಯರು. ಹೋದ ತಿಂಗಳು ನನ್ನ ಪಕ್ಕ ಕೂತಿದ್ದ ಹುಡುಗಿ ಟಿಕೆಟಿಗೆ ದುಡ್ಡು ಕೊಡುವಾಗ ಮಾತ್ರ ಕೈ ಹೊರಗೆ ತೆಗೆದಳು, ಆಮೇಲೆ ಮತ್ತೆ ದುಪಟ್ಟಾದೊಳಗೆ. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಬೆರಳ ಸಂದಿಯಲ್ಲಿ ಬಿರುಕು, ಮುಂಗೈ ಕೆಂಪು, ಮಣಿಕಟ್ಟಿನ ಹತ್ತಿರ ಗೆರೆ ಎಳೆದ ಹಾಗೆ ಅದು ನಿಂತಿದೆ. ಗ್ಲೌಸ್ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ.

"ಏನಾತವ್ವಾ ಕೈಗೆ?" ಅಂದೆ.

"ಏನಿಲ್ಲ ಯಕ್ಕಾ, ಸೋಪು ಆಗಿಬಂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಯಾರಿಗೂ ಹೇಳಬ್ಯಾಡ್ರಿ, ನಂದಿನ್ನೂ ಕನ್ಫರ್ಮ್ ಆಗಿಲ್ಲ."

ಆ ಗೆರೆ ನನಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ದಾವಣಗೆರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಅದರಲ್ಲಿ ಏಳು ವರ್ಷ ಓಟಿಯಲ್ಲಿ. ಈಗ ಬೇರೊಂದು ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡಿಕೊಳ್ಳುತ್ತೇನೆ. ಓಟಿ ಬಿಟ್ಟದ್ದು ಮನಸ್ಸಿನಿಂದಲ್ಲ, ಕೈಯಿಂದ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿ ಆದದ್ದು ಬಹಳ ಕಡೆ ಆಗುತ್ತದೆ.

ಮೊದಲು ಒಣಗಿತು, ಆಮೇಲೆ ಬಿರಿಯಿತು, ಆಮೇಲೆ ನೀರುಗುಳ್ಳೆ. ರಾತ್ರಿ ತುರಿಕೆಗೆ ನಿದ್ದೆ ಇಲ್ಲ. ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದೆ. ನರ್ಸ್‌ಗೆ ಚೀಟಿ ಯಾರು ಕೇಳ್ತಾರೆ? ಸ್ಟಿರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಕಲಸಿದ ಆ ಕ್ರೀಮುಗಳು ಎರಡೇ ದಿನಕ್ಕೆ ಕೈಯನ್ನು ಚಿನ್ನದಂತೆ ಮಾಡುತ್ತವೆ, ಬಿಟ್ಟ ವಾರಕ್ಕೆ ಎರಡು ಪಟ್ಟು ವಾಪಸ್. ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ನಮ್ಮೂರಲ್ಲಿ ತುರಿಕೆಗೆ ಮೊದಲ ಡಾಕ್ಟರು ಮೆಡಿಕಲ್ ಶಾಪಿನ ಹುಡುಗನೇ.

ಮೇಲಿನವರಿಗೆ ಹೇಳಿದೆ. ಬಂದ ಉತ್ತರ: "ಮನೇಲಿ ಪಾತ್ರೆ ತೊಳೀತೀರಲ್ಲ ಸಿಸ್ಟರ್, ಅದಕ್ಕೇ."

ಇದಕ್ಕೆ ಉತ್ತರ ಸಿಕ್ಕಿದ್ದು ದುಗ್ಗಮ್ಮನ ಜಾತ್ರೆಯಲ್ಲಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, ತವರುಮನೆ ಅಲ್ಲೇ. ಒಂದು ವಾರ ರಜೆ ಹಾಕಿದ್ದೆ. ಮನೆ ತುಂಬ ನೆಂಟರು, ಹಿತ್ತಲಲ್ಲಿ ರಾಶಿ ಪಾತ್ರೆ, ಉಜ್ಜಿದ್ದೇ ಉಜ್ಜಿದ್ದು. ಪಾತ್ರೆಯೇ ಕಾರಣವಾಗಿದ್ದರೆ ಆ ವಾರ ಕೈ ಕೊಳೆತುಹೋಗಬೇಕಿತ್ತು. ಆದರೆ ಗುಳ್ಳೆ ಬತ್ತಿತು, ತುರಿಕೆ ನಿಂತಿತು, ಬರೀ ಒಣಕಲು ಉಳಿಯಿತು. ಡ್ಯೂಟಿಗೆ ಹೋದ ಮೂರನೇ ದಿನ ಮತ್ತೆ ಶುರು. ಚರ್ಮದ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಜಾತ್ರೇಲಿ ಗ್ಲೌಸ್ ಹಾಕಿದ್ರಾ?"

ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಅನುಮಾನದ ರಾಸಾಯನಿಕಗಳನ್ನಿಟ್ಟು ಪ್ಲಾಸ್ಟರ್ ಹಾಕುತ್ತಾರೆ. 48 ಗಂಟೆಗೆ ತೆಗೆದು ನೋಡಬೇಕು, 96 ಗಂಟೆಗೆ ಮತ್ತೊಮ್ಮೆ ನೋಡಬೇಕು. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ದಾವಣಗೆರೆಯ ಏಪ್ರಿಲ್‌ನಲ್ಲಿ ಬೆವರಬಾರದಂತೆ! ಮೂರು ಸಲ ಆಸ್ಪತ್ರೆಗೆ ಹೋಗಬೇಕು, ಅಷ್ಟೂ ರಜೆ ನನ್ನ ಲೆಕ್ಕದಲ್ಲಿ. ರಬ್ಬರನ್ನು ಗಟ್ಟಿ ಮಾಡಲು ಸೇರಿಸುವ ರಾಸಾಯನಿಕಗಳಲ್ಲಿ ಥಯೂರಾಮ್ ಎಂಬ ಗುಂಪಿನ ಜಾಗದಲ್ಲಿ ಬೆನ್ನು ಕೆಂಪಗೆ ಉಬ್ಬಿತ್ತು. ಅಂದರೆ ನನ್ನನ್ನು ಕಾಯಬೇಕಾದ ಗ್ಲೌಸೇ ನನಗೆ ಕಾಯಿಲೆ ಕೊಡುತ್ತಿತ್ತು.

ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮೂರನ್ನೂ 'ಅಲರ್ಜಿ' ಅಂತ ಒಂದೇ ಚೀಲಕ್ಕೆ ಹಾಕುವುದರಿಂದಲೇ ಅರ್ಧ ಗೊಂದಲ. ಅತಿ ಹೆಚ್ಚು ಕಾಣುವುದು ಅಲರ್ಜಿಯೇ ಅಲ್ಲ. ಅದು ಸವೆತ: ಸೋಪು, ನೀರು, ಬ್ಲೀಚ್, ಗ್ಲೌಸ್ ಒಳಗಿನ ಬೆವರು ದಿನಾ ಚರ್ಮದ ಮೇಲಿನ ಎಣ್ಣೆಪದರ ತೊಳೆದು ತೊಳೆದು ಬರುವ ಉರಿ. ಇದು ಯಾರಿಗೆ ಬೇಕಾದರೂ ಬರಬಹುದು. ಎರಡನೆಯದು ನನಗಾದದ್ದು. ರಬ್ಬರಿನ ರಾಸಾಯನಿಕ, ಫಾರ್ಮಾಲಿನ್, ಉಪಕರಣ ಅದ್ದಿಡುವ ಗ್ಲುಟರಾಲ್ಡಿಹೈಡ್ ಇಂಥವುಗಳ ವಿರುದ್ಧ ದೇಹ ನಿಧಾನವಾಗಿ ಹಗೆ ಬೆಳೆಸಿಕೊಳ್ಳುತ್ತದೆ. ಮುಟ್ಟಿದ ಒಂದೆರಡು ದಿನಕ್ಕೆ ಏಳುತ್ತದೆ, ಒಮ್ಮೆ ಬಂದರೆ ಸಾಮಾನ್ಯವಾಗಿ ಜನ್ಮಕ್ಕೆ ಅಂಟಿಕೊಂಡಿತು. ಮೂರನೆಯದು ಕಡಿಮೆ ಜನಕ್ಕೆ ಬಂದರೂ ಅಪಾಯದ್ದು. ರಬ್ಬರ್ ಹಾಲಿನಲ್ಲೇ ಇರುವ ಪ್ರೋಟೀನಿಗೆ ಕೆಲವೇ ನಿಮಿಷಗಳಲ್ಲಿ ದದ್ದು, ಸೀನು, ಉಬ್ಬಸ, ಕೆಲವೊಮ್ಮೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರುತ್ತದೆ. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ತಿಂದರೂ ಬಾಯಿ ತುರಿಸುತ್ತದೆ, ಆ ಪ್ರೋಟೀನುಗಳು ಒಂದಕ್ಕೊಂದು ಹೋಲುವುದರಿಂದ.

ಗ್ಲೌಸಿನ ಕಥೆಯೇ ವಿಚಿತ್ರ. 1889ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಇದ್ದರು. ಅವರ ಓಟಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ, ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಪಾದರಸದ ದ್ರಾವಣಕ್ಕೆ ಬೆಂದು ಹೋಗುತ್ತಿತ್ತು. ಕೆಲಸ ಬಿಡುವ ಸ್ಥಿತಿ. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಬರೆದು ಆಕೆಗಾಗಿ ತೆಳು ಗ್ಲೌಸ್ ಮಾಡಿಸಿದರು. 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತು, ಅದು ಬೇರೆ ಮಾತು. ಅಂದರೆ ಓಟಿಯ ಗ್ಲೌಸ್ ಅಲ್ಲಿ ಹುಟ್ಟಿದ್ದು ರೋಗಿಯ ಸೋಂಕು ತಡೆಯಲೆಂದಲ್ಲ, ಒಬ್ಬ ನರ್ಸಿನ ಕೈ ಉಳಿಸಲೆಂದು. ಸೋಂಕಿನ ಲಾಭ ಗೊತ್ತಾದದ್ದು ಆಮೇಲೆ. ನಮ್ಮ ಸ್ಟೋರ್‌ನಲ್ಲಿ ಗ್ಲೌಸ್ ಕೇಳಿದರೆ "ಪೇಷೆಂಟ್ ಸೇಫ್ಟಿಗೆ ಎಷ್ಟು ಬೇಕೋ ಅಷ್ಟೇ" ಅನ್ನುವವರಿಗೆ ಈ ಕಥೆ ಹೇಳಬೇಕು ಅನಿಸುತ್ತಿತ್ತು. ಹೇಳಲಿಲ್ಲ.

1987ರಲ್ಲಿ, ಎಚ್‌ಐವಿ ಭಯದ ಕಾಲದಲ್ಲಿ, ಯಾವ ರೋಗಿಯ ರಕ್ತವನ್ನೂ ಬರಿಗೈಯಲ್ಲಿ ಮುಟ್ಟಬೇಡಿ ಎಂಬ ನಿಯಮ ಅಮೆರಿಕದಿಂದ ಹೊರಟು ಜಗತ್ತಿಗೆಲ್ಲ ಹಬ್ಬಿತು. ಒಳ್ಳೆಯದೇ. ಗ್ಲೌಸಿನ ಬೇಡಿಕೆ ಆಕಾಶಕ್ಕೇರಿತು, ಜೊತೆಗೆ ಲೇಟೆಕ್ಸ್ ಅಲರ್ಜಿಯೂ. ಹಾಕಲು ಸಲೀಸಾಗಲೆಂದು ಒಳಗೆ ಉದುರಿಸುವ ಜೋಳದ ಹಿಟ್ಟಿನ ಪುಡಿ ರಬ್ಬರ್ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತದೆ. ಗ್ಲೌಸ್ ಹಾಕದವರಿಗೂ ಉಬ್ಬಸ. ಜರ್ಮನಿ ತೊಂಬತ್ತರ ದಶಕದಲ್ಲೇ ಪುಡಿ ಹಾಕಿದ ಲೇಟೆಕ್ಸ್ ಗ್ಲೌಸಿಗೆ ಕಡಿವಾಣ ಹಾಕಿತು, ಹೊಸ ಪ್ರಕರಣಗಳು ಅಲ್ಲಿ ತೀರಾ ಇಳಿದವು. ಅಮೆರಿಕ 2017ರ ಜನವರಿಯಲ್ಲಿ ಪುಡಿಯ ಗ್ಲೌಸನ್ನೇ ನಿಷೇಧಿಸಿತು. ನಾನು ಓಟಿಯಲ್ಲಿದ್ದ ಕೊನೆಯ ದಿನದವರೆಗೂ ಗ್ಲೌಸ್ ಬಿಚ್ಚಿದರೆ ಕೈ ಬೆಳ್ಳಗಿರುತ್ತಿತ್ತು, ರೊಟ್ಟಿ ತಟ್ಟಿ ಎದ್ದವಳ ಹಾಗೆ.

ಕೊರೊನಾ ಕಾಲ ನೆನಪಿಸಿಕೊಳ್ಳಿ. ಚೀನಾದ ಹುಬೈ ಪ್ರಾಂತ್ಯದಲ್ಲಿ 542 ಆಸ್ಪತ್ರೆ ಸಿಬ್ಬಂದಿಯನ್ನು ಕೇಳಿ ನೋಡಿದ ಅಧ್ಯಯನ 2020ರಲ್ಲಿ ಬಂತು. ಅವರಲ್ಲಿ 526 ಜನಕ್ಕೆ, ಅಂದರೆ ನೂರಕ್ಕೆ 97 ಮಂದಿಗೆ, ಚರ್ಮಕ್ಕೆ ಒಂದಲ್ಲ ಒಂದು ಹಾನಿ ಆಗಿತ್ತು. ಮೂಗಿನ ಮೇಲೆ ಮಾಸ್ಕಿನ ಗಾಯ, ಕೈಯ ಬಿರುಕು. ನಮ್ಮ ಮೇಲೆ ಹೂವು ಸುರಿದರು, ತಟ್ಟೆ ಬಡಿದರು. ಕೈ ನೋಡಿದವರು ಕಡಿಮೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆಯಲು ಬಸ್ಸಿನ ಹುಡುಗಿ ಒಂದು ಕಾರಣವಾದರೆ, 2025ರ ನವೆಂಬರ್ 21ರಿಂದ ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳು ಇನ್ನೊಂದು ಕಾರಣ. ಅವುಗಳ ಬಗ್ಗೆ ಚರ್ಚೆ ಎಲ್ಲ ಕೆಲಸದ ಗಂಟೆ, ಮುಷ್ಕರ, ವಜಾ ಇವುಗಳ ಸುತ್ತಲೇ ನಡೆಯಿತು, ನಡೆಯಬೇಕಾದ್ದೇ. ಕಾರ್ಮಿಕ ಸಂಘಟನೆಗಳು ವಿರೋಧಿಸುತ್ತಿರುವ ಹಲವು ವಿಷಯಗಳಲ್ಲಿ ನಾನೂ ಅವರ ಕಡೆ. ಆದರೆ ಕಾನೂನಿನ ಕೊನೆಯ ಪುಟಗಳಲ್ಲಿರುವ ಪಟ್ಟಿಗಳನ್ನು ಆಸ್ಪತ್ರೆಯವರು ಯಾರೂ ಓದಿದ ಹಾಗೆ ಕಾಣಲಿಲ್ಲ.

ನಮ್ಮ ಹರಿಹರದ ಉದಾಹರಣೆಯನ್ನೇ ತೆಗೆದುಕೊಳ್ಳಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇಥ್ ತಯಾರಾಗುತ್ತಿದ್ದ ಕಾಲ. ಯಂತ್ರದೆಣ್ಣೆಗೆ ಕಾರ್ಮಿಕನ ಮೊಳಕೈ ಮೇಲೆ ಗುಳ್ಳೆ ಎದ್ದರೆ ಅದು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿರುವ ಕಾಯಿಲೆ. ಮಾಲೀಕ ತಿಳಿಸಬೇಕು, ನೋಡಿದ ಡಾಕ್ಟರೂ ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವರದಿ ಮಾಡಬೇಕು. ಎಷ್ಟು ಸಲ ಮಾಡಿದರು ಎಂಬುದು ಬೇರೆ ಪ್ರಶ್ನೆ, ಕಾಗದದ ಮೇಲಾದರೂ ದಾರಿ ಇತ್ತು. ಅದೇ ಪಟ್ಟಿಯಲ್ಲಿ ರಾಸಾಯನಿಕ ಮತ್ತು ಬಣ್ಣ ನೇರವಾಗಿ ತಾಗಿ ಬರುವ ಚರ್ಮದುರಿಯೂ ಇದೆ, ಉರಿಸುವ ವಸ್ತು, ಅಲರ್ಜಿ ಹುಟ್ಟಿಸುವ ವಸ್ತು ಎರಡನ್ನೂ ಹೆಸರಿಸಿ. ಆದರೆ ಆಸ್ಪತ್ರೆ ಕಾರ್ಖಾನೆ ಅಲ್ಲ. ಹಾಗಾಗಿ ಅದೇ ಊರಿನ ನರ್ಸಿಗೆ ಗ್ಲುಟರಾಲ್ಡಿಹೈಡ್ ತಾಗಿ ಕೈ ಸುಟ್ಟರೆ ಆ ದಾರಿ ಇರಲಿಲ್ಲ.

ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಪಟ್ಟಿಯನ್ನು ಕಾರ್ಖಾನೆಯಿಂದ ಹೊರಗೆ ತಂದಿದೆ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಅದು ಅನ್ವಯ. ನನ್ನ ಓದಿನ ಪ್ರಕಾರ ದಾವಣಗೆರೆಯ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್, ದೊಡ್ಡ ಲ್ಯಾಬ್‌ಗಳೂ ಅದರೊಳಗೆ ಬರುತ್ತವೆ. ಮಾಲೀಕರು ತಿಳಿಸಬೇಕು, ಚಿಕಿತ್ಸೆ ಕೊಟ್ಟ ವೈದ್ಯರೂ ತಿಳಿಸಬೇಕು. ಇಲ್ಲೇ ಒಂದು ತಮಾಷೆ ನೋಡಿ. ನರ್ಸಿನ ಕೈ ನೋಡುವ ಡಾಕ್ಟರು ಬಹುತೇಕ ಅದೇ ಆಸ್ಪತ್ರೆಯ ಡಾಕ್ಟರು. ಕಾರಿಡಾರಿನಲ್ಲಿ ನಿಲ್ಲಿಸಿ, "ಸರ್, ಇದೊಂಚೂರು ನೋಡ್ರಿ" ಅಂದರೆ ಅವರು ಸ್ಯಾಂಪಲ್ ಟ್ಯೂಬ್ ಕೊಟ್ಟು ಕಳಿಸುತ್ತಾರೆ. ಒಪಿಡಿ ಚೀಟಿ ಇಲ್ಲ, ದಾಖಲೆ ಇಲ್ಲ. ದಯೆಯಿಂದಲೇ ಮಾಡುವುದು, ಫೀಸೂ ತಗೊಳ್ಳುವುದಿಲ್ಲ. ಆದರೆ ಆ ದಯೆಯಲ್ಲೇ ನಮ್ಮ ಸಾಕ್ಷಿ ಕರಗಿಹೋಗುತ್ತದೆ.

ಇನ್ನೊಂದು ತೂತು ವಯಸ್ಸಿನದು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಸರ್ಕಾರ ಹೆಮ್ಮೆಯಿಂದ ಹೇಳುತ್ತಿರುವುದು 40 ವರ್ಷ ದಾಟಿದ ಕಾರ್ಮಿಕರಿಗೆ. ಸಕ್ಕರೆ, ಬಿಪಿ ಹುಡುಕಲು ಅದು ಸರಿ. ಕೈಯ ಈ ಕಾಯಿಲೆ ಶುರುವಾಗುವುದು ತರಬೇತಿಯ ದಿನಗಳಲ್ಲಿ, ಕೆಲಸದ ಮೊದಲ ಕೆಲವು ವರ್ಷಗಳಲ್ಲಿ. 23ರ ಹುಡುಗಿಗೆ 40 ಆಗುವವರೆಗೆ ಕಾದರೆ ಅವಳು ಈ ಕೆಲಸದಲ್ಲೇ ಇರುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳ ಪಾಡಂತೂ ಕೇಳಲೇಬೇಡಿ. ವಾರ್ಡಿನಲ್ಲಿ ಕೆಲಸ ಮಾತ್ರ ನಮ್ಮಷ್ಟೇ, ಲೆಕ್ಕಕ್ಕೆ ಅವರು ಕಾರ್ಮಿಕರಲ್ಲ.

ಪರಿಹಾರದ ದಾರಿ ಹೊಸದೇನಲ್ಲ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ, ಇಎಸ್ಐ ಕಾಯ್ದೆಯ ಪಟ್ಟಿಯಲ್ಲೂ, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಭೌತಿಕ, ರಾಸಾಯನಿಕ, ಜೈವಿಕ ಕಾರಣದಿಂದ ಬರುವ ಚರ್ಮರೋಗ ಇದೆ. ಆದರೆ ಅದು ಇರುವುದು 'ಬಿ' ಭಾಗದಲ್ಲಿ. ಆಸ್ಪತ್ರೆಯಲ್ಲಿ ಅಂಟುವ ಸೋಂಕು ರೋಗ 'ಎ' ಭಾಗ, ಅದಕ್ಕೆ ಅವಧಿಯ ಷರತ್ತಿಲ್ಲ. 'ಬಿ' ಭಾಗದ ಕಾಯಿಲೆ ಕೆಲಸದಿಂದಲೇ ಬಂತು ಎಂದು ಕಾನೂನು ಒಪ್ಪಬೇಕಾದರೆ ಅದೇ ಮಾಲೀಕನ ಬಳಿ ಸತತ ಆರು ತಿಂಗಳು ಕೆಲಸ ಮಾಡಿರಬೇಕು. ಬಸ್ಸಿನ ಹುಡುಗಿಗೆ ಎಂಟು ತಿಂಗಳಾಗಿದೆಯಂತೆ. ಆದರೆ ಅವಳ ಕೈಯಲ್ಲಿ ಕಾಗದ ಒಂದೂ ಇಲ್ಲ. ಹೊಸ ಸಂಹಿತೆಯಲ್ಲಿ ನೇಮಕಾತಿ ಪತ್ರ ಕಡ್ಡಾಯ ಎಂಬ ಒಂದು ಸಾಲು ಇದೆಯಲ್ಲ, ನನ್ನ ದೃಷ್ಟಿಯಲ್ಲಿ ಚರ್ಮರೋಗದ ಮಟ್ಟಿಗೆ ಬೆಲೆಬಾಳುವ ಸಾಲು ಅದೇ. ಆ ಪತ್ರ ಇಲ್ಲದಿದ್ದರೆ ಆರು ತಿಂಗಳು ಎಲ್ಲಿಂದ ಎಣಿಸುವುದು?

ಪತ್ರ ಇದ್ದವರಿಗೂ ಸಲೀಸಲ್ಲ. ಪರಿಹಾರ ಸಿಗುವುದು ದುಡಿಯುವ ಶಕ್ತಿ ಕುಂದಿದ್ದಕ್ಕೆ. ಬೆರಳು ತುಂಡಾದರೆ ಶೇಕಡಾ ಇಷ್ಟು ಎಂದು ಕೋಷ್ಟಕವಿದೆ. ಬೆರಳು ಇದ್ದೂ ಗ್ಲೌಸ್ ಹಾಕಲಾಗದ ನರ್ಸಿಗೆ ಎಷ್ಟು? ನನ್ನ ಕೈ ಈಗ ನೋಡಿದರೆ ಏನೂ ಆಗಿಲ್ಲದ ಹಾಗಿದೆ. ಓಟಿಗೆ ಹೋದರೆ ವಾರದಲ್ಲಿ ಬಿರಿಯುತ್ತದೆ. ಇದನ್ನು ಅಂಗವೈಕಲ್ಯ ಅನ್ನುತ್ತಾರೋ ಇಲ್ಲವೋ, ನನ್ನ ಸಂಬಳದಲ್ಲಂತೂ ಓಟಿ ಭತ್ಯೆ ಹೋಯಿತು. ನಾನು ಅರ್ಜಿ ಹಾಕಲಿಲ್ಲ. ಆಗ ಈ ಪಟ್ಟಿಯ ವಿಷಯವೇ ಗೊತ್ತಿರಲಿಲ್ಲ, ದಾವಣಗೆರೆಯಲ್ಲೇ ಇಎಸ್ಐ ಆಸ್ಪತ್ರೆ ಇದ್ದೂ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರ ವ್ಯಾಪ್ತಿಗೆ ಬರುತ್ತಾರೆ. ನಮ್ಮ ಬಸ್ಸಿನ ಬಹುತೇಕರು ಆ ಮಿತಿಯ ಕೆಳಗೇ.

ಇಷ್ಟು ಹೊತ್ತು ನರ್ಸ್ ನರ್ಸ್ ಅಂದೆ. ನಮಗಿಂತ ಕೆಟ್ಟ ಕೈಗಳು ನೆಲ ಒರೆಸುವವರದ್ದು. ಬೆಳಗಿಂದ ಫಿನಾಯಿಲ್, ಬ್ಲೀಚಿಂಗ್ ಪೌಡರ್, ಬಚ್ಚಲಿಗೆ ಆಸಿಡ್. ಬ್ಲೀಚಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಎಷ್ಟಕ್ಕೆ ಎಷ್ಟು ನೀರು ಕಲಸಬೇಕೆಂಬ ಅಳತೆಯೂ ಇಲ್ಲ, ವಾಸನೆ ಜೋರಾಗಿ ಬಂದರೆ ಚೆನ್ನಾಗಿ ಸ್ವಚ್ಛವಾಯಿತು ಅಂತ. ಕೊಡುವ ದಪ್ಪ ಗ್ಲೌಸ್ ಒಂದೇ ಜೊತೆ, ಒಳಗೆ ಒದ್ದೆ. ಒಳಗೆ ಬ್ಲೀಚ್ ನೀರು ಹೋದ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಇವರು ಆಸ್ಪತ್ರೆಯವರಲ್ಲ, ಏಜೆನ್ಸಿಯವರು. ಕೈ ತೋರಿಸಿದರೆ ನಾಳೆ ಬೇರೆಯವರು ಬರುತ್ತಾರೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇವರನ್ನೂ ಸೇರಿಸಿಯೇ ಮಾತಾಡುತ್ತವೆ. ತ್ಯಾಜ್ಯ ಮುಟ್ಟುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೆ ಕನಿಷ್ಠ ಒಮ್ಮೆ ಆರೋಗ್ಯ ತಪಾಸಣೆ ಆಗಬೇಕು, ದಾಖಲೆ ಇಡಬೇಕು, ಸರಿಯಾದ ರಕ್ಷಣಾ ಸಾಮಗ್ರಿ ಕೊಡಬೇಕು. ವಯಸ್ಸಿನ ಮಿತಿ ಇಲ್ಲ. ನನಗೆ ಆ ತಪಾಸಣೆ ನಡೆಯಿತು: ರಕ್ತ ತೆಗೆದರು, ಹೆಪಟೈಟಿಸ್ ಬಿ ಚುಚ್ಚುಮದ್ದು ಆಗಿದೆಯಾ ಕೇಳಿದರು, ಸಹಿ ಹಾಕಿಸಿಕೊಂಡರು. ಸಹಿ ಹಾಕಿದ ಕೈ ನೋಡಲಿಲ್ಲ. ಫಾರಮ್ಮಿನಲ್ಲಿ ಚರ್ಮಕ್ಕೆ ಜಾಗ ಇರಲಿಲ್ಲ. ಸೂಜಿ ಚುಚ್ಚಿಕೊಂಡರೆ ಬರೆಯಲು ನಮ್ಮಲ್ಲಿ ರಿಜಿಸ್ಟರ್ ಇತ್ತು, ಅದಕ್ಕೆ ಇನ್ಸ್‌ಪೆಕ್ಷನ್ ಇತ್ತು. ಚರ್ಮ ಬಿರಿದದ್ದನ್ನು ಬರೆಯಲು ಯಾವ ಪುಸ್ತಕವೂ ಇರಲಿಲ್ಲ. ಬಿರಿದ ಚರ್ಮ ಅಂದರೆ ನೂರು ಸೂಜಿ ಚುಚ್ಚಿದಷ್ಟೇ ತೆರೆದ ಬಾಗಿಲು.

ಇದು ಬರೀ ನಮ್ಮ ದುಃಖ ಅಲ್ಲ. ಬಿರಿದ ಕೈಯಲ್ಲಿ ಸ್ಟ್ಯಾಫಿಲೋಕಾಕಸ್‌ನಂಥ ಕ್ರಿಮಿ ಮನೆ ಮಾಡುತ್ತದೆ. ಉರಿ ಹೆಚ್ಚಾದವರು ಕೈ ತೊಳೆಯುವುದನ್ನೇ ತಪ್ಪಿಸುತ್ತಾರೆ. ನಾನೂ ತಪ್ಪಿಸಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಸ್ಯಾನಿಟೈಸರ್ ಡಬ್ಬಿಯನ್ನು ಒತ್ತಿದ ಹಾಗೆ ಮಾಡಿ ಹೋಗಿದ್ದೇನೆ. ಆ ಎರಡನೇ ಬೆಡ್ಡಿನಲ್ಲಿ ನಿಮ್ಮ ಅಪ್ಪನೋ ಅಮ್ಮನೋ ಇದ್ದಿರಬಹುದು. ಇದರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ. ಬಿರುಕಿಗೆ ಸ್ಯಾನಿಟೈಸರ್ ಚುರ್ ಅನ್ನುತ್ತದೆ, ಹಾಗಾಗಿ ನಾವು ಅದನ್ನು ಬಿಟ್ಟು ಸೋಪು ಹಿಡಿಯುತ್ತೇವೆ. ನಿಜದಲ್ಲಿ ಕೈಯಲ್ಲಿ ಕೊಳೆ ಕಾಣದಿದ್ದಾಗ ಗ್ಲಿಸರಿನ್ ಬೆರೆತ ಆಲ್ಕೋಹಾಲ್ ರಬ್ ಸೋಪಿಗಿಂತ ಚರ್ಮಕ್ಕೆ ಮೃದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 1.45 ಶೇಕಡಾ ಗ್ಲಿಸರಾಲ್ ಇರುವುದೇ ಅದಕ್ಕೆ. ಸೋಪಿನಿಂದ ತೊಳೆದು ಒದ್ದೆ ಕೈಗೇ ಗ್ಲೌಸ್ ಹಾಕುವುದಿದೆಯಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ನಾವೆಲ್ಲ ದಿನಾ ಮಾಡುವುದೂ ಅದನ್ನೇ.

ಖರ್ಚು ಎಂಬ ವಾದ ಬರುತ್ತದೆ. ನೈಟ್ರೈಲ್ ಗ್ಲೌಸ್ ದುಬಾರಿ, ನಿಜ. ನನ್ನಂಥವರಿಗೆ ಅದೂ ಸಾಕಾಗುವುದಿಲ್ಲ, ಹಲವು ನೈಟ್ರೈಲ್ ಗ್ಲೌಸಿನಲ್ಲೂ ಅದೇ ಬಗೆಯ ರಾಸಾಯನಿಕ ಇರುತ್ತದೆ. ಅದಿಲ್ಲದ, ಓಟಿಗೆ ಬೇಕಾದ ಸ್ಟೆರೈಲ್ ಗ್ಲೌಸ್ ನಮ್ಮೂರ ಅಂಗಡಿಯಲ್ಲಿ ಸಿಗಲಿಲ್ಲ. ಕೆಲವು ತಿಂಗಳು ನನ್ನ ದುಡ್ಡಲ್ಲೇ ತರಿಸಿಕೊಂಡು ಸೋತೆ. ಆದರೆ ಎಲ್ಲರಿಗೂ ಅದು ಬೇಕಿಲ್ಲ. ಪುಡಿ ಇಲ್ಲದ ಗ್ಲೌಸ್ ಎಲ್ಲರಿಗೂ, ಅಲರ್ಜಿ ಖಚಿತವಾದ ಕೆಲವರಿಗೆ ಬೇರೆಯದು, ಪ್ರತಿ ಸಿಂಕಿನ ಪಕ್ಕ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ವ್ಯಾಸಲೀನಾದರೂ ಸರಿ. ಸರ್ಕಾರಿ ಆಸ್ಪತ್ರೆಗಳಿಗೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರಿನಲ್ಲಿ ಕೊಳ್ಳುತ್ತದೆ. ಟೆಂಡರಿನಲ್ಲಿ ಕಡಿಮೆ ದರ ಗೆಲ್ಲುವುದು ಸಹಜ. ಆದರೆ ಯಾವುದಕ್ಕೆ ದರ ಕೇಳಬೇಕು ಎಂದು ಬರೆಯುವ ಕೈ ಸರ್ಕಾರದ್ದೇ. 'ಪುಡಿರಹಿತ' ಎಂಬ ಒಂದು ಪದ ಸೇರಿಸಲು ವಿಧಾನಸಭೆ ಬೇಡ.

ದಾವಣಗೆರೆ ವೈದ್ಯಕೀಯ ಕಾಲೇಜು, ದಂತ ಕಾಲೇಜುಗಳ ಊರು. ಹಲ್ಲಿನ ಕೆಲಸದಲ್ಲಿ ಬಳಸುವ ಅಕ್ರಿಲೇಟ್ ದ್ರವ ಸಾಮಾನ್ಯ ಲೇಟೆಕ್ಸ್ ಗ್ಲೌಸನ್ನು ಕೆಲವೇ ನಿಮಿಷದಲ್ಲಿ ದಾಟಿ ಚರ್ಮಕ್ಕೆ ಇಳಿಯುತ್ತದೆ ಎಂದು ಅಲ್ಲಿ ಪಾಠ ಹೇಳುವವರಿಗೆ ಗೊತ್ತು. ಚರ್ಮರೋಗ ವಿಭಾಗಗಳೂ ಇಲ್ಲೇ ಇವೆ. ಸೇರುವ ದಿನ ಪ್ರತಿ ಹುಡುಗಿಯ ಕೈ ನೋಡಿ, ಚಿಕ್ಕಂದಿನಲ್ಲಿ ಇಸುಬು ಇತ್ತಾ, ಉಬ್ಬಸ ಇತ್ತಾ ಎಂದು ಕೇಳಿ ಬರೆದಿಡಲು ಐದು ನಿಮಿಷ ಸಾಕು. ಚಿಕ್ಕಂದಿನಲ್ಲಿ ಇಸುಬು ಇದ್ದವರಿಗೆ ಈ ಕೆಲಸದಲ್ಲಿ ಕೈ ಕೆಡುವ ಸಾಧ್ಯತೆ ಹೆಚ್ಚು. ಅವರನ್ನು ಬೇಡ ಅನ್ನಲಿಕ್ಕಲ್ಲ, ಮೊದಲ ದಿನದಿಂದಲೇ ಕಾಯಲಿಕ್ಕೆ. ಹೀಗೆ ಬರೆದಿಟ್ಟದ್ದನ್ನು ಕೆಲಸದಿಂದ ತೆಗೆಯಲು ಬಳಸಿದರೆ ಎಂಬ ಭಯ ನನಗೂ ಇದೆ. ಆ ಭಯಕ್ಕೇ ಕೈಗಳು ದುಪಟ್ಟಾದೊಳಗೆ ಹೋಗುವುದು.

ಮನೆಯಲ್ಲೂ ಅದೇ. ಕೈ ನೋಡಿದವರು ಗಜಕರ್ಣ ಅಂತಾರೆ, ಅಂಟುತ್ತದೆ ಅಂತಾರೆ. ಇದು ಅಂಟುವ ಕಾಯಿಲೆ ಅಲ್ಲ. ಹುಡುಗಿ ನೋಡಲು ಬಂದವರಿಗೆ ಕಾಫಿ ಕೊಡುವ ಕೈ ಎಂದು ಅಮ್ಮಂದಿರಿಗೆ ಚಿಂತೆ.

ಬಸ್ಸಿನ ಹುಡುಗಿಗೆ ನಾನು ದೊಡ್ಡ ಕಾನೂನು ಹೇಳಲಿಲ್ಲ. ಕಾರಿಡಾರಿನಲ್ಲಿ ತೋರಿಸಬೇಡ, ಒಪಿಡಿ ಚೀಟಿ ಮಾಡಿಸಿ ತೋರಿಸು ಅಂದೆ. ಚೀಟಿಯ ಮೇಲೆ 'ಸ್ಟಾಫ್ ನರ್ಸ್' ಅಂತ, ರಜೆಯಲ್ಲಿ ಕಡಿಮೆ ಆಗುತ್ತದೆ ಅಂತ ಬರೆಸು ಅಂದೆ. ಡ್ಯೂಟಿ ರೋಸ್ಟರಿನ ಫೋಟೋ ತಿಂಗಳು ತಿಂಗಳು ಮೊಬೈಲಿನಲ್ಲಿ ಇಟ್ಟುಕೋ, ಕೈಯ ಫೋಟೋ ಕೂಡ, ತಾರೀಖಿನ ಸಮೇತ. ಅವಳು ತಲೆಯಾಡಿಸಿದಳು. ಮೊನ್ನೆ ಮತ್ತೆ ಸಿಕ್ಕಿದ್ದಳು. ರೋಸ್ಟರಿನ ಫೋಟೋ ತೆಗೆದಿದ್ದಾಳೆ. ಒಪಿಡಿ ಚೀಟಿ ಇನ್ನೂ ಮಾಡಿಸಿಲ್ಲ. "ಕನ್ಫರ್ಮ್ ಆಗ್ಲಿ ತಡೀರಿ ಯಕ್ಕಾ," ಅಂದಳು.